ನಕ್ಷೆಯಲ್ಲಿ ಖಾಲಿ ಸೈಟು

ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕತಂಗಿಯರು ಕೂತಿದ್ದರು. ತಂಗಿ ನಗರದ ನೀರು ಸರಬರಾಜು ಕಚೇರಿಯವಳೆಂದು ಮಾತಿನಲ್ಲೇ ತಿಳಿಯಿತು.

"ನಿನ್ನನ್ನ ಮನೆಯಿಂದ ಹೊರಗೆ ಹಾಕಿದ ನಮ್ಮ ಭಾವ ನಿನ್ನೆ ಆಫೀಸಿಗೆ ಬಂದಿದ್ದ."

"ಯಾಕಂತೆ?"

"ಅವನ ಹೊಸ ಮನೆ ಕಡೆಗೆ ನೀರಿನ ಪೈಪ್ ಬರ್ತಿಲ್ಲವಂತೆ. ಮುಂದೆ ಎಲ್ಲಿಗೆ ಎಷ್ಟು ನೀರು ಬೇಕು ಅಂತ ಕಂಪ್ಯೂಟರು ನಕ್ಷೆ ನೋಡಿ ಲೆಕ್ಕ ಹಾಕುತ್ತೆ. ನಕ್ಷೆಯಲ್ಲಿ ಅವನದು ಖಾಲಿ ಸೈಟು."

"ನೀನು ಅಳಿಸಿದೆಯಾ?"

"ನಾನ್ಯಾಕೆ ಅಳಿಸಲಿ? ಪರ್ಮಿಷನ್ ಇಲ್ಲದೆ ಕಟ್ಟಿದ್ದಲ್ಲವಾ, ಸರ್ವೆಯವರಿಗೆ ಖಾಲಿ ಜಾಗ ಅಂತ ಅವನೇ ಬರೆದುಕೊಟ್ಟಿದ್ದ. ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ."

"ಬಾಡಿಗೆಗೆ ಯಾರಾದರೂ ಇದ್ದಾರಾ ಪಾಪ?"

"ಯಾರೂ ಇಲ್ಲ. ಅವನು, ಅವಳು, ಅಷ್ಟೇ."

ಅಕ್ಕ ಕೆನ್ನೆಗೆ ಒತ್ತಿಕೊಂಡಿದ್ದ ಕರವಸ್ತ್ರವನ್ನು ಮಡಚಿ ಮತ್ತೆ ಒತ್ತಿಕೊಂಡಳು.

"ಏನು ಹೇಳಿ ಕಳಿಸಿದೆ?"

"ಮನೆ ಇದೆ ಅಂತ ಬರೆದುಕೊಡಿ ಭಾವ, ಇವತ್ತೇ ನಕ್ಷೆಗೆ ಹಾಕ್ತೀನಿ ಅಂದೆ. ಬರೆದುಕೊಟ್ಟರೆ ಮನೆ ಒಡೀತಾರೆ ಅಂತ ಅವನಿಗೂ ಗೊತ್ತು. ಬೆವರು ಒರೆಸಿಕೊಳ್ತಾ ನಿಂತಿದ್ದ."

"ಕುಡಿಯೋಕೆ ನೀರಾದರೂ ಕೊಟ್ಟೆಯಾ?"

"ಕೇಳಿದ. ಕೊಡಲಿಲ್ಲ."

ನರ್ಸು ಕರೆದಳು. ಅಕ್ಕ ಊದಿದ ಕೆನ್ನೆ ಹಿಡಿದುಕೊಂಡೇ ಎದ್ದಳು. ನಗಬೇಡ, ನೋಯುತ್ತೆ ಎಂದು ತಂಗಿ ಹೇಳುತ್ತಿದ್ದರೂ ನಗುತ್ತಲೇ ಒಳಗೆ ಹೋದಳು.