ಬರ್ತೇನಿ ಅಂದವರು

ಬ್ಯಾಡಗಿಯಲ್ಲಿ ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವಿರಲಿಲ್ಲ. ಕರೆಂಟು ಹೋಗಿತ್ತು. ಹಸೀನಾಬಿಯ ಪಡಸಾಲೆಯಲ್ಲಿ ಬ್ಯಾಟರಿ ದೀಪದ ಸುತ್ತ ನಾಲ್ವರು ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು: ಹಸೀನಾಬಿ, ಮೊಮ್ಮಗಳು ಸಿಮ್ರಾನ, ಪಕ್ಕದ ಮನೆಯ ಪ್ರೇಮವ್ವ, ಅವಳ ಸೊಸೆ ನಿರ್ಮಲಾ. ಘಾಟಿಗೆ ಯಾರಾದರೊಬ್ಬರು ಸೀನುತ್ತಲೇ ಇದ್ದರು.

ಸಿಮ್ರಾನ ಅಂದು ಬೆಳಿಗ್ಗೆ ಜನ್ಮದಲ್ಲಿ ಮೊದಲ ಸಲ ಗುಡ್ಡ ಹತ್ತಿ ಬಂದಿದ್ದಳು. ಮೀನಖಂಡ ಬಿಗಿದಿತ್ತು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

"ಕುಪ್ಪೇಲೂರ ಆಚಿಗಿನ ಗುಡ್ಡ. ಗೆಳತ್ಯಾರು ಮುಂದ ಹೋಗಿಬಿಟ್ರು. ನಡುವ ಒಬ್ಬಾಂವ ಕುಂತಿದ್ದ, ನೀರು ಕೊಟ್ಟ. ಇಲ್ಲಂದ್ರ ನಾ ಅಲ್ಲೇ ಬಿದ್ದಿರ್ತಿದ್ನಿ."

"ಹರೇದಾಂವೇನ?" ನಿರ್ಮಲಾ ನಕ್ಕಳು. "ಅದಕ್ಕ ಇಳ್ಯಾಕ ಅಷ್ಟ ಹೊತ್ತಾತು ತಗೋ."

ಹಸೀನಾಬಿಯ ಕೈ ಒಂದು ಗಳಿಗೆ ನಿಂತದ್ದನ್ನು ಸಿಮ್ರಾನ ಮಾತ್ರ ನೋಡಿದಳು.

ನಿರ್ಮಲಾ ಸೆರಗು ಝಾಡಿಸಿ ಎದ್ದಳು. "ಹಾಲು ಕಾಸಬೇಕು. ನಾ ಹೋಗ್ತೇನಿ."

"ಬರ್ತೇನಿ ಅನ್ನಬೇಕವಾ," ಪ್ರೇಮವ್ವ ಗದರಿದಳು. "ಹೋಗ್ತೇನಿ ಅನ್ನೂದು ಸತ್ತವರ ಮುಂದ."

"ಕುಂದುರ ನಿರ್ಮಲಾ," ಎಂದಳು ಹಸೀನಾಬಿ. "ಆ ಮಾತಿಂದು ಒಂದು ಕತಿ ಐತಿ. ಕೇಳಿ ಹೋಗು."

ಹಾಲಿನ ಮಾತು ಅಲ್ಲಿಗೇ ನಿಂತಿತು.

"ನಮ್ಮ ಅಕ್ಕನ ಮಗ ಕುತುಬುದ್ದೀನ... ರಾಣೇಬೆನ್ನೂರಾಗ ಗಡ್ಯಾರ ರಿಪೇರಿ ಮಾಡಾಂವ. ಆ ಗ್ವಾಡಿ ಮ್ಯಾಲಿಂದು ಅಂವನ ರಿಪೇರಿ ಮಾಡಿದ್ದು, ಇನ್ನೂ ಮುಂದ ಓಡ್ತೈತಿ ಸುಡುಗಾಡಂಥಾದ್ದು. ಆದ್ರ ಮನುಷ್ಯಾ ಮಾತ್ರ ಸಣ್ಣ ಕೂಸಿಗೂ ರೀ ಹಚ್ಚಿ ಮಾತಾಡಾಂವ. ಈ ಸಿಮ್ರಾನ ಆಗಿನ್ನೂ ತೊಟ್ಟಿಲದಾಗ ಇದ್ಲು. ಅಂವನ ಗೆಳ್ಯಾ ಸಿದ್ದೇಶ ಒಂದಿನ, 'ಕುಂತ ಕುಂತ ಹೊಟ್ಟಿ ಬಂದೈತಲೇ, ಗುಡ್ಡ ಹತ್ತೂಣ ಬಾ' ಅಂದ. ಮಾಳಗಿ ಬಿಟ್ರ ಬ್ಯಾರೆ ಎತ್ತರಾ ಹತ್ತಿದಾಂವಲ್ಲ ಇಂವ... ಕುರಿ ಹೋಗೂ ದಾರಿ ಯಾವುದು, ಮಂದಿ ಹೋಗೂ ದಾರಿ ಯಾವುದು ತಿಳೀಲಾರ್ದ, ಗಿಡಕ್ಕ ಜೋತು ಬಿದ್ದು, ಕಲ್ಲಿಗೆ ಬೆನ್ನು ಹಚ್ಚಿ, ತೇಕಕೋಂತ ಹತ್ತಾಕತ್ತಾನ. ಸಿದ್ದೇಶ ಎಲ್ಲೋ ಮ್ಯಾಲ. ನಡುಗುಡ್ಡದಾಗ ಒಂದು ದೊಡ್ಡ ಬಂಡಗಲ್ಲು. ಅದರ ನೆಳ್ಳಾಗ ಒಬ್ಬಾಕಿ ಮುದುಕಿ, ಮುಂದ ನೀರಿನ ಗಡಗಿ. 'ಯಾರ ಮನ್ಯಾಂವಪಾ?' ಅಂದ್ಲು. ಇಂವ ಬಿಡ್ತಾನೇನು? ಊರು, ತಾಯಿ, ಖಾಲಾ ಅಂದ್ರ ನಾನು... ಎಲ್ಲಾರ ಹೆಸರೂ ಹೇಳಿದ. ನೀರು ಕುಡದ. ಏಳೂ ಮುಂದ, ನಾವೆಲ್ಲಾ ಅನ್ನೂಹಂಗ, 'ಬರ್ತೇನ್ರಿ ಯವ್ವಾ' ಅಂದ. 'ಬಾ' ಅಂದ್ಲು ಆಕಿ."

ಮಾಳಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ರೇಮವ್ವ ಒಂದು ಬುಟ್ಟಿಯನ್ನು ಕಾಲಿನಿಂದಲೇ ಈಚೆ ಸರಿಸಿದಳು.

"ಸಿದ್ದೇಶ ಹೊಳ್ಳಿ ನೋಡಿದ್ರ ಏನು ಕಾಣಬೇಕು? ಬರೀ ಕಲ್ಲು. ಇಂವ ಅದರ ಮುಂದ ಬೊಗಸಿ ಒಡ್ಡಿ ನಿಂತಾನ... ಗದ್ದದಿಂದ ನೀರು ಸೋರಾಕತ್ತೈತಿ. ಆಮ್ಯಾಲ ಹಾವೇರಿಗಂತ ಗಾಡಿ ಹೊಡದ್ರ ಗುಡ್ಡದ ಬುಡಕ ಹೋಗಿ ನಿಲ್ತಿದ್ದ. ನಮಾಜಿಗೆ ಹೊಂಟ್ರೂ ಕಾಲು ಆ ಕಡೆನ. 'ಖಾಲಾ, ಬರ್ತೇನಿ ಅಂದೇನ್ರಿ, ಆಕಿ ಹಾದಿ ಕಾಯಾಕತ್ತಾಳ' ಅಂತಿದ್ದ. ಕಡೀಕ ಆ ಕಲ್ಲಿನ ಮುಂದ ಚಪ್ಲಿ ಅಷ್ಟ ಸಿಕ್ಕುವು. ಜೋಡಿಸಿ ಬಿಟ್ಟಿದ್ದ... ಮಂದಿ ಮನಿ ಒಳಗ ಹೋಗೂ ಮುಂದ ಬಿಡ್ತೇವಲ್ಲಾ, ಹಂಗ."

ಅವಳು ತೊಟ್ಟು ಮುರಿದು ಪಕ್ಕಕ್ಕೆ ಹಾಕಿದಳು.

"ಮುದುಕಿ ಈಗ ಇಲ್ಲಂತ. ಜಾಗಾಕ್ಕ ಇನ್ನೊಬ್ರು ಬಂದ್ರಲ್ಲಾ, ಆಕಿ ಎದ್ದು ಹ್ವಾದ್ಲು. ಈಗ ನೀರು ಕೊಡಾಂವ ನಮ್ಮ ಕುತುಬುದ್ದೀನ."

ಸಿಮ್ರಾನ ಕೈಯಲ್ಲಿದ್ದ ಕಾಯಿಯನ್ನು ತಿರುಗಿಸುತ್ತ ಕುಳಿತಳು. ಮನೆಗೆ ಬಂದಾಗಿನಿಂದ ಹೇಳಲು ಮರೆತಿದ್ದ ಮಾತೊಂದಿತ್ತು. ನೀರು ಕೊಟ್ಟವನು ದಾದಿಯ ಪರಿಚಯದವನೇ ಇರಬೇಕು ಎಂದುಕೊಂಡಿದ್ದಳು.

"ದಾದಿ... ನಿನ್ನ ಹೆಸರು ಹೇಳಿದಕೂಡ್ಲೇ ಅಂವ ನಕ್ಕ. 'ಖಾಲಾನ ಗಡ್ಯಾರ ಇನ್ನೂ ಮುಂದ ಓಡ್ತೈತೇನ್ರಿ?' ಅಂತ ಕೇಳಂದ."

ನಿರ್ಮಲಾ ಅತ್ತೆಯ ಮಗ್ಗುಲಿಗೆ ಸರಿದಳು.

"ನೀ ಎದ್ದು ಬರೂ ಮುಂದ ಏನಂದಿ?" ಎಂದು ಕೇಳಿದಳು ಹಸೀನಾಬಿ.

"ನಾವೆಲ್ಲಾ ಅನ್ನೂದ, ದಾದಿ," ಎಂದಳು ಸಿಮ್ರಾನ. ಮೂವರಿಗೂ ಅದು ಗೊತ್ತಿತ್ತು.

ಹಸೀನಾಬಿ ಮುಂದಿನ ಕಾಯಿ ಎತ್ತಿಕೊಂಡಳು. "ಅಂದಮ್ಯಾಲ ಮನ್ಯಾಗ ಯಾರರ ಒಬ್ರು ಹೋಗಬೇಕಲಾ. ಅಂವನ ಮಾರಿ ನೋಡಿ ನನಗೂ ಭಾಳ ದಿನಾ ಆತು. ಮಳಿ ನಿಲ್ಲಲಿ... ನಾ ಹೋಗ್ತೇನಿ."

"ಬರ್ತೇನಿ ಅನ್ನಬೇಕ್ರಿ..." ಎಂದು ರೂಢಿಯಂತೆ ಶುರುಮಾಡಿದ ಪ್ರೇಮವ್ವ ಬಾಯಿ ಮುಚ್ಚಿಕೊಂಡಳು.