ಐದನೇ ಸ್ವರಕ್ಕೆ ಒಂದು ಎಡಗೈ

ನಕ್ರಿ! ಇಲ್ಲ ಅನ್ಬೇಡಿ ಕಾಂಗ್ ಯಾಯತ್, ಅಣ್ಣಾ, ನಾನು ನೋಡ್ದೆ. ಅರ್ಧ ಬಾಯಲ್ಲಿ ನಕ್ರೂ ನಗು ನಗುನೇ. ಲಕ್ವ ಹೊಡೆದ್ಮೇಲೆ ನಾನೂ ಆರು ತಿಂಗಳು ಹಾಗೇ ನಗ್ತಿದ್ದೆ... ಅಳಿಯ ಅಣಕಿಸ್ತಾನೆ ಅಂತ ನಮ್ಮತ್ತೆ ಮಾತೇ ಬಿಟ್ಲು. ಒಳ್ಳೇದೇ ಆಯ್ತು ಬಿಡಿ!

ಎಲ್ಲಿದ್ದೆ? ಹಾಂ, ನಾಣ್ಯ. ಅವತ್ತು ಅಂಗಡೀಲಿ ಒಬ್ಬನಿಗೆ ಕ್ಷೌರ ಮಾಡ್ತಿದ್ದೆ, ಎಡಗೈಯಿಂದ ಬಾಚಣಿಗೆ ಜಾರ್ತು. ಪಾಪ, ಅರ್ಧ ತಲೆಯಲ್ಲೇ ಮನೆಗೆ ಹೋದ ಅವನು. ‘ಜಜಾಂಗ್, ನಿಂಗೆ ಮೈಯೊಳಗೆ ಗಾಳಿ ಹೊಕ್ಕಿದೆ’ ಅಂದ್ಲು ಹೆಂಡ್ತಿ. ಅಂಗಿ ಬಿಚ್ಚಿಸಿ, ಎಣ್ಣೆ ಹಚ್ಚಿ, ಗಾಳಿ ಹೊರಗೆ ಹೋಗ್ಲಿ ಅಂತ ನಾಣ್ಯ ತಗೊಂಡು ಬೆನ್ನು ಕೆರೆದ್ಲು ನೋಡಿ... ಪಟ್ಟೆ ಪಟ್ಟೆ, ಹುಲಿ! ಮಧ್ಯಾಹ್ನ ಲೋಟ ಎತ್ತೋಕೆ ಹೋದ್ರೆ ಕೈಯೇ ಇಲ್ಲ. ಆಸ್ಪತ್ರೇಲಿ ಡಾಕ್ಟ್ರು ಬೆನ್ನು ನೋಡಿ, ‘ಯಾರು ಹೊಡೆದ್ರು?’ ಅಂದ್ರು.

ಏನು, ನಿಮ್ಗೂ ಹಾಗೇನಾ? ತಲೆ ಆಡಿಸ್ತೀರಿ! ಹೆಡ್ಮಾಸ್ಟ್ರಿಗೂ ನಾಣ್ಯಾನಾ! ಅತ್ತಿಗೇನ ಬೈಬೇಡಿ ಮತ್ತೆ. ನಮ್ಮ ಲಕ್ವದೋರ ಗುಂಪಲ್ಲಿ ಕೇಳಿ, ಆಸ್ಪತ್ರೆಗಿಂತ ಮೊದ್ಲು ನಾಣ್ಯಕ್ಕೆ ಬೆನ್ನು ಕೊಟ್ಟೋರೇ ಎಲ್ರೂ. ಹೆಂಡ್ತೀರು ಮೊದಮೊದ್ಲು ಕೂತು ಅಳ್ತಿದ್ರು. ಈಗ ಯಾರು ಎಷ್ಟು ಪಟ್ಟೆ ಎಳೆದ್ರು ಅಂತ ಜಂಬ ಕೊಚ್ಕೋತಾರೆ.

ಅದಕ್ಕೇ ಹೇಳ್ತಿರೋದು, ನಾಳೆ ಭಾನುವಾರ, ಗುಂಪು ಸೇರೋ ಮೈದಾನಕ್ಕೆ ಬನ್ನಿ. ಯಾಕೆ ಗೋಡೆ ಕಡೆ ತಿರುಗ್ತೀರಿ? ಮಾತು ಬರಲ್ಲ ಅಂತಾನಾ? ಅಯ್ಯೋ, ನಮ್ಮ ಕೊಸಾಸಿಗೆ ಬರೋದು ಒಂದೇ ಮಾತು, ‘ದುರಿಯನ್’! ಆ ಹಣ್ಣು ಕಂಡ್ರೇ ಆಗದ ಮನುಷ್ಯ. ನಮಸ್ಕಾರಕ್ಕೂ ದುರಿಯನ್, ಬೈಗುಳಕ್ಕೂ ದುರಿಯನ್. ಒಂದ್ಸಲ ಬಸ್ ಕಂಡಕ್ಟರ್‌ಗೆ ಸರಿಯಾಗಿ ಬೈದ. ಅವನು ಇವನನ್ನ ಹಣ್ಣಿನ ಮಾರ್ಕೆಟ್ಟಲ್ಲಿ ಇಳಿಸಿ ಹೋದ!

ನಮ್ಮಲ್ಲಿ ಅಂಗ್‌ಕ್ಲುಂಗ್ ಬಾರಿಸ್ತೀವಿ. ನಿಮ್ಗೆ ನಾನೇನು ಹೇಳೋದು, ಸ್ಕೂಲಲ್ಲಿ ಮಕ್ಳಿಗೆ ಕಲಿಸಿದೋರು ನೀವು. ಒಂದು ಬಿದಿರಿಗೆ ಒಂದೇ ಸ್ವರ. ಒಂದು ಕೈ ಮೇಲೆ ಹಿಡೀಬೇಕು, ಇನ್ನೊಂದು ಕೆಳಗೆ ಅಲ್ಲಾಡಿಸ್ಬೇಕು. ನಮ್ಗೆಲ್ಲಿ ಎರಡು ಕೈ? ಅದಕ್ಕೇ ಎಡಗೈ ಹೋದೋನ ಪಕ್ಕ ಬಲಗೈ ಹೋದೋನು. ಇಬ್ರಿಗೆ ಸೇರಿ ಒಂದು ವಾದ್ಯ. ಕೊಸಾಸಿ ಎಡಗೈಲಿ ಹಿಡೀತಾನೆ, ನಾನು ಬಲಗೈಲಿ ಅಲ್ಲಾಡಿಸ್ತೀನಿ. ನಮ್ದು ಐದನೇ ಸ್ವರ. ತಾಳ ಅಂದ್ರೆ ಏನು ಅಂತ ಗೊತ್ತಿಲ್ಲ ಅವನಿಗೆ, ನಂಗಿಂತ ಮುಂಚೆ ತಾನೇ ಕಿತ್ಕೊಂಡು ಅಲ್ಲಾಡಿಸ್ತಾನೆ. ಕಟ್ಕೊಂಡ ಹೆಂಡ್ತಿ ಜೊತೇನೂ ಅಷ್ಟು ಜಗಳ ಆಡಿಲ್ಲ ನಾನು.

ಈಗ... ಈಗ ಅವನು ಗಾರುತ್‌ಗೆ ಹೋಗಿದ್ದಾನೆ, ಮಗಳ ಮನೆಗೆ. ಎರಡು ಮೂರು ವಾರ ಅಷ್ಟೇ. ಆ ಜಾಗಕ್ಕೆ ಜನ ನಾ ಮುಂದು ತಾ ಮುಂದು ಅಂತಿದ್ದಾರೆ! ನಾನೇ, ‘ಇಲ್ಲಪ್ಪ, ಮೊದ್ಲು ನಮ್ಮ ಕೇರಿ ಹೆಡ್ಮಾಸ್ಟ್ರು, ಅವ್ರ ಎಡಗೈ ಗಟ್ಟಿ ಇದೆ’ ಅಂದೆ. ಉಪಕಾರ ಅಂದ್ಕೋಬೇಡಿ.

ಯಾಕೆ ಹಾಗೆ ನೋಡ್ತೀರಿ? ಗಾರುತ್ ಅಂದ್ನಲ್ಲ. ತಂಪು ಊರು, ಒಳ್ಳೇ ನೀರು... ದಿಂಬಿನ ಕೆಳಗೆ ಏನು ತಡಕ್ತಿದ್ದೀರಿ? ರಟ್ಟಾ? ಬೀಸೋದು ಬೇಡ, ಸೆಕೆ ಇಲ್ಲ ನಂಗೆ. ಏನು, ಓದ್ಬೇಕಾ?

ಓ.

ಊಟದ ಡಬ್ಬಿ ಮುಚ್ಚಳ. ಸತ್ತ ಏಳನೇ ದಿನದ ಪ್ರಾರ್ಥನೇದು. ಕೊಸಾಸಿ ಹೆಸರು ದಪ್ಪ ಅಕ್ಷರದಲ್ಲೇ ಹಾಕ್ಸಿದ್ದಾರೆ... ಅತ್ತಿಗೆ ಹೋಗಿದ್ರಾ? ಅವನ ಹೆಸರಿನ ಅನ್ನ ನೀವೂ ಉಂಡ್ರಿ. ಅಂದ್ರೆ ನಾನು ಒಳಗೆ ಕಾಲಿಟ್ಟಾಗ್ಲೇ ನಿಮ್ಗೆ ಗೊತ್ತಿತ್ತು! ಹೋಮ್‌ವರ್ಕ್ ಮಾಡದ ಹುಡುಗ ಸುಳ್ಳು ಹೇಳ್ತಿದ್ರೆ ಸುಮ್ನೆ ಕೇಳೋ ಹಾಗೆ ಕೇಳ್ತಾ ಕೂತ್ರಿ.

ಹೂಂ. ಎರಡನೇ ಸಲ ಲಕ್ವ ಹೊಡೀತು ಅವನಿಗೆ. ಹೇಳಿದ್ರೆ ನೀವು ಹೆದರ್ತೀರಿ ಅಂತ ಮುಚ್ಚಿಟ್ಟೆ... ಇಲ್ಲ, ಅದೂ ಸುಳ್ಳು. ಹೆದರಿರೋದು ನಾನು. ಮೂರು ಭಾನುವಾರ ಮೈದಾನದ ಗೇಟ್ ತನಕ ಹೋಗಿ ವಾಪಸ್ ಬಂದೆ ಕಾಂಗ್. ಅವರು ಬಾರಿಸ್ತಾ ಬಾರಿಸ್ತಾ ನಮ್ಮ ಸ್ವರ ಬಂದಾಗ ಸುಮ್ನಾಗ್ತಾರೆ. ಬೇರೆ ಯಾರ ಕೈಗೂ ಕೊಟ್ಟಿಲ್ಲ ಅದನ್ನ. ಕೇಳೋಕಾಗಲ್ಲ ನಂಗೆ. ಯಾರೂ ನಾ ಮುಂದು ಅಂದಿಲ್ಲ. ನಿಮ್ಮನ್ನ ಉದ್ಧಾರ ಮಾಡೋಕೆ ಬಂದೋನಲ್ಲ ನಾನು... ಒಬ್ನೇ ಹೋಗೋಕೆ ಆಗ್ತಿಲ್ಲ, ಅಷ್ಟೇ.

ಏನಾದ್ರೂ ಹೇಳಿ... ಥೂ, ಯಾರಿಗೆ ಹೇಳ್ತಿದ್ದೀನಿ ನಾನು! ಬೈಯೋದಾದ್ರೆ ಕಣ್ಣಲ್ಲೇ ಬೈರಿ.

ಏನ್ಮಾಡ್ತಿದ್ದೀರಿ? ನಿಧಾನ, ಮಂಚ ಹಿಡ್ಕೊಳ್ಳಿ! ಅತ್ತಿಗೇ, ಬನ್ನಿ ಇಲ್ಲಿ, ಚಪ್ಪಲಿ ಹುಡುಕ್ತಿದ್ದಾರೆ ಇವ್ರು!... ಹೆಡ್ಮಾಸ್ಟ್ರೇ, ಇವತ್ತಿನ್ನೂ ಶನಿವಾರ. ನಾಳೆ, ಕಾಂಗ್... ನಾಳೆ ಬೆಳಿಗ್ಗೆ.