ಆರನೇ ನಟ್ಟಿನ ಸದ್ದು

ಲೈಟು ಪೂರ್ತಿ ಆರಿಸಬೇಡಿ, ಮಂಕು ಮಾಡಿ ಸಾಕು. ಇದು ಯಾರೋ ಹೇಳಿ ಯಾರೋ ಕೇಳಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗನಿಗೇ ಆದದ್ದು.

ಕಲ್ಲು ಕ್ವಾರಿಯ ಶೆಡ್ಡಿನಲ್ಲಿ ಗಾಡಿಗಳ ಚಕ್ರದ ಕೆಲಸ ಅವನದು. ಊರೆಲ್ಲ ಬಿಗಿಯಪ್ಪ ಅಂತಲೇ ಕರೆಯೋದು. ಅವನು ಮುಚ್ಚಳ ಹಾಕಿದ ಡಬ್ಬಿಯನ್ನ ಮನೇಲಿ ಇನ್ನೊಬ್ಬರು ತೆಗೆದ ಇತಿಹಾಸ ಇಲ್ಲ. ಅಂಥವನ ಕೈಯಲ್ಲಿ ಬಿಗಿದ ನಟ್ಟು ಸಡಿಲ ಆಗ್ತಿದೆ ಅಂದರೆ... ಯೋಚನೆ ಮಾಡಿ.

ಆವತ್ತು ಎರಡನೇ ಪಾಳಿ ಮುಗಿಸಿ, ಶೆಡ್ಡಿಗೆ ಬೀಗ ಹಾಕಿ ಹೊರಟಾಗ ಹನ್ನೊಂದು ದಾಟಿತ್ತು. ಮನೆ ದಾರಿಯಲ್ಲಿ ಒಂದು ಹಾಳು ಬಾವಿ ಇದೆ, ಕಟ್ಟೆ ಅರ್ಧ ಬಿದ್ದಿದೆ. ಅದರ ಹತ್ತಿರ ಬಂದಿದ್ದಾನೆ... ಹಿಂದಿನಿಂದ ಸದ್ದು.

ಠಣ್... ಠಣ್... ಠಣ್... ಠಣ್... ಠಣ್...

ದಬ್.

ಆ ಸದ್ದು ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಕ್ರದ ನಟ್ಟಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೋಡೋದು ಅವರ ಪದ್ಧತಿ. ಬಿಗಿ ಇದ್ದರೆ ಠಣ್ ಅನ್ನುತ್ತೆ. ಸಡಿಲ ಇದ್ದರೆ ದಬ್. ಐದು ಸರಿ ಇದೆ, ಆರನೇದು ಸರಿ ಇಲ್ಲ. ಅಂದರೆ ಯಾರೋ ಶೆಡ್ಡಿನೊಳಗೆ ಇದ್ದಾರೆ.

ಓಡಿಹೋಗಿ ನೋಡಿದರೆ ಹಾಕಿದ ಬೀಗ ಹಾಕಿದ ಹಾಗೇ ಇದೆ. ತೆಗೆದು ಟಾರ್ಚು ಬಿಟ್ಟ. ಒಂದು ನರಪಿಳ್ಳೆ ಇಲ್ಲ. ನೇರ ದೊಡ್ಡ ಜೀಪಿನ ಹತ್ತಿರ ಹೋದ. ದಿನಾ ಬೆಳಿಗ್ಗೆ ಎಂಟು ಜನರನ್ನ ಹೊತ್ತು ಕ್ವಾರಿಯ ತಳಕ್ಕೆ ಇಳಿಯೋ ಗಾಡಿ ಅದು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ, ಅಂಥ ಇಳಿಜಾರು. ಹಿಂದಿನ ಎಡಗಡೆ ಚಕ್ರ ನೋಡಿದ. ನಟ್ಟು ಬಿಗಿದ ಮೇಲೆ ನಟ್ಟಿನಿಂದ ಚಕ್ರದವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೀತಾನೆ. ನಟ್ಟು ತಿರುಗಿದರೆ ಗೆರೆ ತುಂಡಾಗುತ್ತೆ. ಆ ಒಂದು ಚಕ್ರದಲ್ಲಿ ಗೆರೆ ತುಂಡಾಗಿತ್ತು. ಒಂದು ವಾರದಿಂದ ದಿನಾ ಇದೇ ಕತೆ. ಇವನು ಬಿಗಿಯೋದು, ಹೊಸ ಗೆರೆ ಎಳೆಯೋದು. ಮಾರನೇ ದಿನ ಮತ್ತೆ ತುಂಡು.

ಬಿಗಿಯಪ್ಪನಿಗೆ ಅನುಮಾನ ಇದ್ದದ್ದು ಒಬ್ಬರ ಮೇಲೆ. ಅಕ್ಕನ ಗಂಡನ ಮೇಲೆ. ಆ ಜೀಪಿನ ಡ್ರೈವರ್ ಭಾವನೇ. ಎರಡು ತಿಂಗಳ ಹಿಂದೆ ಭಾವ ಎಂಟು ಜನರ ಗಾಡಿಗೆ ಹದಿಮೂರು ಜನರನ್ನ ತುಂಬಿಕೊಂಡು ಬಂದಾಗ, ಇವನು ಸೂಪರ್‌ವೈಸರಿಗೆ ಹೇಳಿದ್ದ. ಭಾವನನ್ನ ಮೂರು ದಿನ ಮನೇಲಿ ಕೂರಿಸಿದರು. ಅವತ್ತಿನಿಂದ ಮಾತು ಬಂದ್. ಎದುರು ಬಂದರೆ ಮುಖ ಊದಿಸಿಕೊಂಡು ಹೋಗೋದು. ಶೆಡ್ಡಿನ ಇನ್ನೊಂದು ಬೀಗದಕೈ ಇರೋದೂ ಭಾವನ ಹತ್ತಿರವೇ. ಚಕ್ರ ಕಳಚಿದರೆ ಕೆಲಸ ಹೋಗೋದು ಬಿಗಿಯಪ್ಪನದು. ಲೆಕ್ಕ ಸರಿಹೋಯಿತು.

ತಾನೇ ಓಡಿಸೋ ಗಾಡಿಯ ಚಕ್ರ ಯಾರಾದರೂ ಸಡಿಲ ಮಾಡ್ತಾರೇನ್ರೀ? ಮಗುವಿಗೂ ಗೊತ್ತಾಗೋ ಮಾತು. ಆದರೆ ತಲೆಗೆ ಅನುಮಾನದ ಹುಳ ಹೊಕ್ಕಿತ್ತಲ್ಲ. ಮೊದಲ ತಿರುವಿಗೆ ಬರೋ ಮುಂಚೆ ನಿಲ್ಲಿಸಿ, ನೋಡಿ ಇವನ ಕೆಲಸ ಅಂತ ಎಲ್ಲರಿಗೂ ತೋರಿಸೋ ಹುನ್ನಾರ ಅಂತ ತನಗೆ ತಾನೇ ಹೇಳಿಕೊಂಡ.

ಮಾರನೇ ದಿನ ಭಾವ ಇಲ್ಲದ ಹೊತ್ತು ನೋಡಿ ಅಕ್ಕನ ಹಿತ್ತಿಲ ಬಾಗಿಲಿಗೆ ಹೋದ.

"ಭಾವ ರಾತ್ರಿ ಹೊತ್ತು ಎದ್ದು ಎಲ್ಲಾದರೂ ಹೋಗ್ತಾರಾ?" ಪಿಸುಮಾತಲ್ಲಿ ಕೇಳಿದ.

"ಯಾಕೋ?"

"ಹೋಗ್ತಾರಾ, ಇಲ್ವಾ ಹೇಳು."

"ಅವರ ಗೊರಕೆಗೆ ನಾನೇ ಎದ್ದು ಹೋಗಬೇಕು ಅಷ್ಟೆ," ಅಂದಳು ಅಕ್ಕ. ಆಮೇಲೆ ಇವನ ಮುಖ ನೋಡಿ ನಗು ನಿಲ್ಲಿಸಿದಳು. ಊಟ ಮಾಡಿದ್ಯಾ ಅಂತ ಕೇಳಿದಳು. ಹೆಂಡತಿ ಅಲ್ಲವಾ, ಗಂಡನ ಪರ ಮಾತಾಡದೆ ಇನ್ನೇನು ಅಂದುಕೊಂಡು ವಾಪಸ್ ಬಂದ.

ಆ ರಾತ್ರಿ ಮನೆಗೆ ಹೋಗಲೇ ಇಲ್ಲ. ಶೆಡ್ಡಿನ ಒಳಗಿನಿಂದ ಅಗಳಿ ಹಾಕಿದ. ವೀಲ್ ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು, ಆರೂ ನಟ್ಟು ಬಿಗಿದ. ಗೆರೆ ಎಳೆದ. ಲೈಟು ಆರಿಸಿ ಹಳೇ ಟೈರುಗಳ ಹಿಂದೆ ಸ್ಪ್ಯಾನರ್ ಹಿಡಿದು ಕೂತ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಅನ್ನಿ. ತಗಡಿನ ಚಾವಣಿ ತಣ್ಣಗಾಗುತ್ತಾ ಟಿಕ್... ಟಿಕ್ ಅಂತಿತ್ತು. ಟೈರಿಗೆ ಗಾಳಿ ತುಂಬೋ ಪೈಪಿನ ಬಾಯಿಂದ ಸ್‌ಸ್‌ಸ್ ಅಂತ ಸಣ್ಣಗೆ ಸೋರೋ ಸದ್ದು. ಎರಡೂವರೆ ಇರಬೇಕು... ಆ ಸೋರೋ ಸದ್ದು ನಿಂತುಹೋಯಿತು.

ಠಣ್.

ಜೀಪಿನ ಆ ಕಡೆಯಿಂದ. ಅಗಳಿ ಹಾಕಿದ್ದು ಹಾಕಿದ ಹಾಗೇ ಇದೆ.

ಠಣ್... ಠಣ್... ಠಣ್... ಠಣ್...

"ಭಾವ," ಅಂದ. "ನೀವೇ ಅಂತ ನಂಗೊತ್ತು."

ಸದ್ದು ನಿಂತಿತು. ಯಾರೂ ಉಸಿರಾಡಿದ್ದು ಕೇಳಿಸಲಿಲ್ಲ. ಆಮೇಲೆ ನಿಧಾನವಾಗಿ ಇನ್ನೊಂದೇ ಒಂದು.

ದಬ್.

ಸ್ಪ್ಯಾನರ್ ಎತ್ತಿಕೊಂಡು ಹಾರಿದ. ಯಾರೂ ಇಲ್ಲ. ಇದ್ದಿದ್ದರೆ ಅವತ್ತು ತಲೆ ಒಡೆದೇ ಬಿಡ್ತಿದ್ದೆ ಅಂತ ಇವತ್ತಿಗೂ ಹೇಳ್ತಾನೆ. ಟಾರ್ಚು ಬಿಟ್ಟು ನೋಡಿದರೆ ಆರು ಗೆರೆಯೂ ನೆಟ್ಟಗಿವೆ. ಒಂದು ಕೂದಲೆಳೆ ಕೂಡ ಸರಿದಿಲ್ಲ. ತಾನೇ ಸುತ್ತಿಗೆ ತಗೊಂಡು ತಟ್ಟಿದ. ಐದು ಠಣ್. ಆರನೇದು ದಬ್.

ನಟ್ಟು ತಿರುಗಿಲ್ಲ, ಆದರೂ ಸದ್ದು ಸತ್ತಿದೆ. ಜಾಕ್ ಕೊಟ್ಟು ಗಾಡಿ ಎತ್ತಿದ. ವಾರದಲ್ಲಿ ಮೊದಲ ಸಲ ಚಕ್ರವನ್ನೇ ಬಿಚ್ಚೋಕೆ ಕೂತ. ಆರನೇ ನಟ್ಟು ಅರ್ಧ ಸುತ್ತು ತಿರುಗಿಸಿದ್ದಾನೆ... ನಟ್ಟಿನ ಜೊತೆಗೇ ಬೋಲ್ಟಿನ ತುಂಡೂ ಕೈಗೆ ಬಂತು.

ಚಕ್ರ ತೆಗೆದು ನೋಡಿದರೆ ಒಳಮೈ ತುಂಬಾ ಹೊಸ ಬಣ್ಣ, ದಪ್ಪಗೆ, ಪುಡಿಪುಡಿಯಾಗಿ ಎದ್ದಿದೆ. ಬಳಿದವನು ಯಾರು? ಇವನೇ. ಹತ್ತು ದಿನದ ಹಿಂದೆ ತಪಾಸಣೆಗೆ ದೊಡ್ಡವರು ಬರ್ತಾರೆ, ಎಲ್ಲ ಫಳಫಳ ಅನ್ನಬೇಕು ಅಂತ ಸೂಪರ್‌ವೈಸರ್ ಅವಸರ ಮಾಡಿದಾಗ, ಆ ಚಕ್ರಕ್ಕೆ ಎರಡೂ ಕಡೆ ಬಳಿದು ಹಸಿಹಸಿಯಾಗಿ ಜೋಡಿಸಿದ್ದ. ಚಕ್ರ ಕೂರೋ ಜಾಗದಲ್ಲಿ ಕಬ್ಬಿಣಕ್ಕೆ ಕಬ್ಬಿಣವೇ ತಾಗಬೇಕು. ನಡುವೆ ಬಣ್ಣ ಇದ್ದರೆ ಅದು ನುರಿದು, ಜಾಗ ಬಿಟ್ಟು, ನಟ್ಟು ಸಡಿಲಾಗುತ್ತೆ. ಇದನ್ನ ಊರಿಗೆಲ್ಲ ಬೈದು ಹೇಳಿಕೊಡ್ತಿದ್ದವನು ಇವನೇ. ಸಡಿಲ ಆದಾಗ ಚಕ್ರ ಬಿಚ್ಚಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗ್ತಿತ್ತು. ಇದು ಮನುಷ್ಯನ ಕೆಲಸ ಅಂತ ತೀರ್ಮಾನ ಮಾಡಿಬಿಟ್ಟಿದ್ದನಲ್ಲ, ದಿನಾ ಪೈಪು ಹಾಕಿ ಬಿಗಿದು ಬಿಗಿದು ಬೋಲ್ಟಿನ ಕತ್ತು ಮುರಿದಿದ್ದ.

ಬೆಳಗಾದರೆ ಎಂಟು ಜನ. ಸ್ಟೇರಿಂಗ್ ಹಿಡಿದು ಭಾವ. ಬಿಗಿಯಪ್ಪ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅಕ್ಕನ ಮನೆಗೆ ಓಡಬೇಕು ಅನ್ನಿಸಿತು. ಆದರೆ ಶೆಡ್ಡು ಬಿಟ್ಟು ಹೊರಗೆ ಹೋಗಲೇ ಇಲ್ಲ.

ಐದು ಗಂಟೆಗೆ ಬಾಗಿಲು ತಟ್ಟಿದರು. ಇವನೇ ಎದ್ದು ಅಗಳಿ ತೆಗೆದ. ಭಾವ. ಎರಡು ತಿಂಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟು, ಇವನ ಹೆಗಲ ಮೇಲೆ ಕೈ ಇಟ್ಟರು.

"ಅಳೋದು ನಿಲ್ಲಿಸು. ಇವತ್ತು ಗಾಡಿ ತೆಗೆಯಲ್ಲ, ನೀನು ಹೇಳಿದ ಮೇಲೆ ಮುಗೀತು."

"ನಾನು ಯಾವಾಗ ಹೇಳಿದೆ?"

"ಮೂರು ಗಂಟೆಗೆ ನಮ್ಮನೆಗೆ ಬಂದು ಬಾಗಿಲು ಬಡಿದೆಯಲ್ಲೋ. ತಪ್ಪು ನಂದೇ ಭಾವ, ನಿಮ್ಮ ಮೇಲೆ ಅನುಮಾನ ಪಟ್ಟೆ, ಗಾಡಿ ಹತ್ತಬೇಡಿ ಅಂತ ಅಳ್ತಾ ನಿಂತಿದ್ದೆ. ಕೈಯೆಲ್ಲ ಗ್ರೀಸು. ನಿಮ್ಮಕ್ಕ ನೀರು ಕೊಟ್ಟಳು."

ಇಬ್ಬರೂ ಭಾವನ ಮನೆಗೆ ನಡೆದರು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳೂ ಅದೇ ಹೇಳಿದಳು, ಒಂದಕ್ಷರ ಆಚೆ ಈಚೆ ಇಲ್ಲ. ನನ್ನ ಕಣ್ಣೆದುರಿಗೇ ನೀನು ಗಟಗಟ ಅಂತ ಒಂದು ಲೋಟ ಪೂರ್ತಿ ಕುಡಿದೆ ಕಣೋ, ಅಂದಳು.

ನಾನು ಭಾವ ಇಲ್ಲದಾಗ ಅಕ್ಕನನ್ನ, ಅಕ್ಕ ಇಲ್ಲದಾಗ ಭಾವನನ್ನ ಬೇರೆ ಬೇರೆಯಾಗಿ ಕೇಳಿದ್ದೀನಿ. ಉಪ್ಪು ಖಾರ ಹಚ್ಚಿ ಹೇಳೋ ಜನ ಅಲ್ಲ ಅವರು. ಅವತ್ತು ಬೆಳಿಗ್ಗೆ ನೋಡಿದಾಗ ಆ ಲೋಟ ಹೊಸ್ತಿಲ ಪಕ್ಕದಲ್ಲೇ ಇತ್ತಂತೆ. ಸುತ್ತ ಐದು ಬೆರಳಿನ ಗ್ರೀಸಿನ ಕಲೆ. ಒಳಗೆ ನೀರು ಕಂಠದವರೆಗೂ ಇತ್ತು.